ಮುಖ ಕತ್ತರಿಸುತ್ತಿದ್ದವನು

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಕಂಬದ ಮೇಲೆ ಈಗ ಊರಿಗೆಲ್ಲ ಫ್ಲೆಕ್ಸು ಮಾಡಿಕೊಡುತ್ತಿದ್ದ ಅವನದೇ ಮುಖ ತೂಗುತ್ತಿದೆ. ಹಿಂದೆ ನೀಲಿ ಆಕಾಶ, ಎರಡು ಬಿಳಿ ಪಾರಿವಾಳ, ಕೆಳಗೆ ಉರಿಯುವ ದೀಪ. ಅದನ್ನು ಹಾಕಿಸುವ ಮುಂಚೆ ಅವನ ಅಳಿಯ ನಾಲ್ಕು ಸಾಲು ಬರೆಸಿಕೊಳ್ಳಲು ನನ್ನ ಮನೆಗೆ ಬಂದಿದ್ದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ತಪ್ಪಿಗೆ ಈ ಊರಿನ ಹುಟ್ಟುಹಬ್ಬಕ್ಕೂ ಸಾವಿಗೂ ಫ್ಲೆಕ್ಸಿನ ಸಾಲು ಬರೆದುಕೊಡುವ ಕೆಲಸ ಬಹಳ ವರ್ಷಗಳಿಂದ ನನ್ನ ಕೊರಳಿಗೇ ಬಿದ್ದಿದೆ. ನನ್ನಿಂದ ಆಗುವುದಿಲ್ಲ ಎಂದೆ. ಮೈಯಾಗ ಆರಾಮಿಲ್ಲೇನ್ರಿ ಸರ ಎಂದು ಕೇಳಿದ. ಮೈಗೆ ಆರಾಮಿದೆ ಮಾರಾಯ, ನಿನ್ನ ಮಾವನನ್ನು ನೆನೆದರೆ ಹೇಸಿಗೆಯಾಗುತ್ತದೆ ಎಂದು ಹೇಳಬೇಕೆನ್ನಿಸಿತು. ಮಣ್ಣು ಮಾಡಿ ಇನ್ನೂ ವಾರ ಕಳೆದಿರಲಿಲ್ಲ, ಹೌದೆಂದು ತಲೆಯಾಡಿಸಿ ಕಳಿಸಿದೆ. ನಾಲ್ಕು ಸಾಲು ಕೊಡಲಾರದವನು ಈಗ ಇಷ್ಟುದ್ದ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಓದುವವರಲ್ಲಿ ಶಹಾಪುರದವರಿದ್ದರೆ ತಾವಾಗಿಯೇ ತಿಳಿದುಕೊಳ್ಳುತ್ತಾರೆ, ತಿಳಿದುಕೊಳ್ಳಲಿ.

ಅವನೆಂದರೆ ನನಗೆ ಮೊದಲು ನೆನಪಾಗುವುದು ಅವನ ಟವೆಲ್ಲು. ಯಾವುದೋ ಕಾಲದಲ್ಲಿ ಹಸಿರು ಬಣ್ಣದ್ದಿರಬೇಕು. ಗುಟ್ಕಾ ಉಗಿದ ಮೇಲೆ ಬಾಯಿ ಒರೆಸುವುದು ಅದರಿಂದಲೇ, ಪ್ರಿಂಟಿಂಗ್ ಮಷೀನಿನ ಮಸಿ ಒರೆಸುವುದು ಅದರಿಂದಲೇ, ಚಹಾದ ಕಪ್ಪು, ಕಂಪ್ಯೂಟರಿನ ಮೌಸು, ಬೆವರಿನ ಕುತ್ತಿಗೆ ಎಲ್ಲದಕ್ಕೂ ಅದೇ. ಗಿರಾಕಿ ಬಂದರೆ ಕುರ್ಚಿಯನ್ನೂ ಅದರಿಂದಲೇ ಒರೆಸಿ ಕೂಡ್ರಿ ಎನ್ನುತ್ತಿದ್ದ. ನಾನು ನಿಂತೇ ಇರುತ್ತಿದ್ದೆ. ಮಾಸ್ತರರಿಗೆ ನಖರಾ ಜಾಸ್ತಿ ಎಂದು ನಗುತ್ತಿದ್ದ. ನಕ್ಕರೆ ಹಲ್ಲಿನ ಸಂದಿಯೆಲ್ಲ ಕೆಂಪು.

ಅವನ ಅಪ್ಪ ನಾರಾಯಣಪುರದ ಕಾಲುವೆ ತೋಡುವಾಗ ಕಂಟ್ರಾಕ್ಟರನ ಕೈಯಲ್ಲಿ ಕೂಲಿಯಾಳುಗಳ ಮುಕಾದಮನಾಗಿ ಈ ಕಡೆ ಬಂದವನು. ಮಗ ಗೋಡೆಗೆ ಬಣ್ಣದಲ್ಲಿ ಬರೆಯುವ ಪೇಂಟರ್ ಆದ, ಬೀಜ ಗೊಬ್ಬರದ ಜಾಹೀರಾತು ಬರೆದ, ಆಮೇಲೆ ಫ್ಲೆಕ್ಸಿನ ಮಷೀನು ತಂದ. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಬಂದು ಭತ್ತ ಬಂತು, ಭತ್ತದ ಹಿಂದೆ ಮೋಟಾರ್ ಸೈಕಲ್ಲು ಬಂದವು, ಓಣಿಗೊಬ್ಬ ಲೀಡರ್ ಹುಟ್ಟಿದ, ಪ್ರತಿ ಲೀಡರನಿಗೂ ಪ್ರತಿ ವರ್ಷ ಹುಟ್ಟುಹಬ್ಬ. ಕಾಲುವೆ ಹೊಲಕ್ಕ ನೀರು ಕೊಡ್ತು, ನನಗ ಮುಖಾ ಕೊಡ್ತು ಎಂದು ಅವನೇ ಹೇಳುತ್ತಿದ್ದ. ಅದು ಮಾತ್ರ ಖರೇ ಮಾತು.

ಫ್ಲೆಕ್ಸು ಗೊತ್ತಿಲ್ಲದವರು ಈಗ ಯಾರೂ ಇಲ್ಲ. ಮಧ್ಯದಲ್ಲಿ ಲೀಡರನ ಆಳೆತ್ತರದ ಚಿತ್ರ. ಕೆಳಗೆ ಶುಭ ಕೋರುವವರ ಮುಖಗಳು, ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು, ಸಾಲು ಸಾಲು. ಆ ಸಾಲಿನಲ್ಲಿ ನಿಲ್ಲುವುದಕ್ಕೆ ನಮ್ಮ ಜನ ಪಡುವ ಆಸೆ ಹೇಳತೀರದು. ಮೇಲಿನ ಸಾಲಿನಲ್ಲಿ ಹಾಕಲಿಲ್ಲವೆಂದು ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಇವನ ಕಸುಬು ಆ ಮುಖಗಳನ್ನು ಕತ್ತರಿಸುವುದು. ಮದುವೆಯ ಫೋಟೋದಿಂದ, ಪಾಸ್‌ಬುಕ್ಕಿನ ಫೋಟೋದಿಂದ, ಫೋನಿನಲ್ಲಿ ಬಂದ ಗುಂಪಿನ ಫೋಟೋದಿಂದ ತಲೆಯನ್ನು ಮಾತ್ರ ಬಿಡಿಸಿ ತೆಗೆಯುತ್ತಿದ್ದ. ಕೆಲಸದಲ್ಲಿ ಕೈ ಬಹಳ ನಾಜೂಕು, ಇಲ್ಲ ಎನ್ನಲಾರೆ. ಆದರೆ ಅದೇ ಕಣ್ಣಿನಿಂದಲೇ ಜೀವಂತ ಮನುಷ್ಯರನ್ನೂ ನೋಡುತ್ತಿದ್ದ. ಮದುವೆಯ ಪಂಗತಿಯಲ್ಲಿ ಊಟಕ್ಕೆ ಕೂತವರ ಕಡೆ ಬೆರಳು ಮಾಡಿ, ಈ ಕಾಕಾನ ತಲಿ ಕಟಿಂಗ್‌ಗೆ ಸಲೀಸು, ಆ ಅಕ್ಕಾರ ಕೂದಲ ಬಹಳ ತ್ರಾಸ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನಾನು ಎಲೆ ಬಿಟ್ಟು ಏಳುತ್ತಿದ್ದೆ.

ಯಾರಾದರೂ ಕಲಬುರಗಿಯ ದವಾಖಾನೆ ಸೇರಿದ್ದಾರೆಂದು ಸುದ್ದಿ ಬಂದರೆ ಸಾಕು, ಅವರ ಶ್ರದ್ಧಾಂಜಲಿಯ ಫ್ಲೆಕ್ಸು ತಯಾರು ಮಾಡಿ ಇಟ್ಟುಬಿಡುತ್ತಿದ್ದ. ಆಮೇಲೆ ಗಡಿಬಿಡಿ ಆಗಬಾರದಲ್ಲ ಎನ್ನುವುದು ಅವನ ಸಮಜಾಯಿಷಿ. ಒಬ್ಬ ಮುದುಕನದನ್ನು ಪ್ರಿಂಟೇ ಹಾಕಿಬಿಟ್ಟಿದ್ದ. ಮುದುಕ ಗುಣವಾಗಿ ಮನೆಗೆ ಬಂದ. ಇವನು ಆ ಫ್ಲೆಕ್ಸನ್ನು ಹರಿದೆಸೆದನೇ? ಎಲ್ಲಿಯದು! ಭತ್ತದ ರಾಶಿಗೆ ಹೊದಿಸಲು ಯಾರಿಗೋ ಕೊಟ್ಟ. ಮುದುಕ ಕೋಲೂರಿಕೊಂಡು ಹೊಲದ ಕಡೆ ಹೋದವನು ಬಾಜೂ ಹೊಲದ ರಾಶಿಯ ಮೇಲೆ ತನ್ನ ಮುಖ, ಹೂವಿನ ಹಾರ, ಕೆಳಗೆ ನಾನು ಬರೆದ ಸಾಲು ನೋಡಿ ಅಲ್ಲೇ ಕುಸಿದು ಕೂತ. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದ ಮೇಲೆ ಮಾತ್ರ ಕೈಗೆ ಏನೋ ಮೆತ್ತಿಕೊಂಡ ಹಾಗೆ ಅನ್ನಿಸಿ ಎರಡು ಸಲ ಸೋಪು ಹಚ್ಚಿದೆ.

ಇಂಥವನ ಕೈಗೆ ವಿಆರ್ ಚಷ್ಮಾ ಬಂತು. ಹೈದರಾಬಾದಿನಲ್ಲಿ ಯಾವುದೋ ಮಾಲಿನ ಆಟದಂಗಡಿ ಮುಚ್ಚುವಾಗ ಹಳೆಯದೊಂದನ್ನು ಹೊತ್ತು ತಂದಿದ್ದ. ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಡಬ್ಬಿ, ಎರಡು ಕೈಗೆ ಎರಡು ಹಿಡಿಕೆ. ಕಟ್ಟಿಕೊಂಡರೆ ಅಂಗಡಿ ಮಾಯವಾಗಿ ಸುತ್ತಲೂ ಕಪ್ಪು ಆಕಾಶ ತೆರೆಯುತ್ತಿತ್ತು. ಅದರಲ್ಲಿ ಹಳೇ ಕಾಲದ ವಿಡಿಯೋ ಗೇಮಿನಂಥ ಒಂದು ಆಟ. ಮೇಲೆ ಹುಳದಂಥ ಪ್ರಾಣಿಗಳು ಸಾಲು ಸಾಲಾಗಿ ನಿಂತಿರುತ್ತವೆ. ಎಲ್ಲವೂ ಒಟ್ಟಿಗೆ ಎಡಕ್ಕೆ ಸರಿಯುತ್ತವೆ, ಬಲಕ್ಕೆ ಸರಿಯುತ್ತವೆ, ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಕೈಯ ಹಿಡಿಕೆಯಿಂದ ಗುರಿಯಿಟ್ಟು ಹೊಡೆಯಬೇಕು. ಹೊಡೆದಷ್ಟೂ ಉಳಿದವುಗಳ ಓಟ ಹೆಚ್ಚುತ್ತದೆ. ಅವು ನಮ್ಮ ಮುಖದವರೆಗೆ ಇಳಿದರೆ ಆಟ ಮುಗಿಯಿತು. ಆಡುವವನಿಗೆ ಕಾಣುವುದೆಲ್ಲ ಗೋಡೆಯ ಟಿವಿಯಲ್ಲೂ ಕಾಣುತ್ತಿತ್ತು, ಆದ್ದರಿಂದ ನೋಡುವವರಿಗೂ ಮಜಾ.

ಆಡುವವರನ್ನು ನೋಡುವುದೇ ಒಂದು ಶಿಕ್ಷೆ. ಬಾಯಿ ತೆರೆದುಕೊಂಡು, ಜೊಲ್ಲು ಸುರಿಸಿಕೊಂಡು, ಗಾಳಿಗೆ ಕೈ ಬೀಸುವ ಗಂಡಸರು. ಒಬ್ಬನ ಲುಂಗಿ ಜಾರಿದರೂ ಅವನಿಗೆ ಖಬರಿರಲಿಲ್ಲ. ಬೇಸಿಗೆಯ ಶಹಾಪುರದಲ್ಲಿ ತಗಡಿನ ಮಾಡಿನ ಕೆಳಗೆ ಒಂದೇ ಚಷ್ಮಾ ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ಹೋಗುತ್ತಿತ್ತು. ಒಳಗಿನ ಸ್ಪಂಜು ಬೆವರು, ಕೊಬ್ಬರಿ ಎಣ್ಣೆ, ಮುಲಾಮು ಎಲ್ಲ ಕುಡಿದು ಹಳೇ ಗಾಯದ ಪಟ್ಟಿಯ ವಾಸನೆ ಹೊಡೆಯುತ್ತಿತ್ತು. ನಡುವೆ ಒಂದು ಸಲ ಅವನ ಟವೆಲ್ಲಿನಿಂದ ಒರೆಸುವುದು, ಅದೇ ಅದರ ಸ್ನಾನ.

ಹುಳ ಹೊಡೆದು ಜನಕ್ಕೆ ಬೇಸರ ಬಂತು. ಬೇರೆಯವರಾಗಿದ್ದರೆ ಆಟ ಬದಲಿಸುತ್ತಿದ್ದರು. ಇವನ ತಲೆ ಓಡಿದ್ದೇ ಬೇರೆ ಕಡೆ. ಸಾಲು ಸಾಲು ಮುಖಗಳು ಅವನ ಕಂಪ್ಯೂಟರಿನಲ್ಲಿ ಮೊದಲೇ ಕತ್ತರಿಸಿ ಇದ್ದವಲ್ಲ! ಹಳೆಯ ಹುಟ್ಟುಹಬ್ಬದ ಫ್ಲೆಕ್ಸೊಂದರಿಂದ ಶುಭ ಕೋರುವವರನ್ನೆಲ್ಲ ಎತ್ತಿ ಹುಳಗಳ ಜಾಗಕ್ಕೆ ಕೂಡಿಸಿದ. ಹಣೆಗೆ ಕುಂಕುಮ, ಕೊರಳಿಗೆ ಶಾಲು, ಮುಖದಲ್ಲಿ ನಗು ಇಟ್ಟುಕೊಂಡ ನಮ್ಮೂರಿನ ಜನ ಆಕಾಶದಿಂದ ಮೆಟ್ಟಿಲಿಳಿದು ಬರತೊಡಗಿದರು. ಮೊದಲ ದಿನ ತಮ್ಮ ಮುಖ ತಾವೇ ನೋಡಿ ಎಲ್ಲರೂ ನಕ್ಕರು. ಮರುದಿನದಿಂದ ಒಬ್ಬೊಬ್ಬರೂ ಬಂದು ತಮಗೆ ಬೇಕಾದ ಮುಖ ಕೇಳಿದರು. ದಾಯಾದಿಯನ್ನು ಹಾಕು, ಸೊಸೈಟಿಯ ಚೇರ್ಮನ್ನನ್ನು ಹಾಕು, ಹೆಂಡತಿಯ ಅಣ್ಣನನ್ನು ಹಾಕು. ಈ ಓಣಿಯವರು ಆ ಓಣಿಯವರನ್ನು ಹೊಡೆಯಲು ಗುಂಪು ಕಟ್ಟಿಕೊಂಡು ಬರುತ್ತಿದ್ದರು. ಹೊಡೆದಾಗ ಹಲ್ಲು ಕಚ್ಚುತ್ತಿದ್ದರಲ್ಲ, ಅದು ಆಟವಾಡುವವರ ಮುಖವಲ್ಲ. ಥೂ, ನನಗೆ ನನ್ನ ಹಳೆಯ ವಿದ್ಯಾರ್ಥಿಗಳ ಗುರುತೇ ಸಿಗದಂತಾಯಿತು.

ಇದು ಒಳ್ಳೆಯದಲ್ಲ ಎಂದು ಒಂದು ದಿನ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಎಂದೂ ಸಿಟ್ಟಾದವನಲ್ಲ, ಅದೇ ಅವನ ದೊಡ್ಡ ಬಂಡವಾಳ. "ಫ್ಲೆಕ್ಸಿನ್ಯಾಗ ನಿಂದ್ರಾಕ ಓಡಿ ಬಂದವರು ಇವರ ಅಲ್ಲೇನ್ರಿ ಮಾಸ್ತರ್ರ? ನಾ ಯಾರನ್ನೂ ಕೈ ಹಿಡಿದು ಎಳಕೊಂಡು ಬಂದಿಲ್ಲ," ಎಂದು ಮೆತ್ತಗೆ ನಕ್ಕ.

ಮುಂದಿನದನ್ನು ಹೇಳುವ ಮುಂಚೆ ನನ್ನ ತಂಗಿಯ ವಿಷಯ ಹೇಳಬೇಕು. ಸುರಪುರದ ಪಕ್ಕದ ರಂಗಂಪೇಟೆಗೆ ಕೊಟ್ಟಿದ್ದೆವು. ಗಂಡ ಕಾಲುವೆಯ ಗೇಟಿನಲ್ಲಿ ದಿನಗೂಲಿ. ಬಡವ, ಮಾತು ಕಡಿಮೆ, ತಲೆಯನ್ನು ಒಂದು ಬದಿಗೆ ವಾಲಿಸಿ ನಗುವ ಅಭ್ಯಾಸ. ಗೇಟಿಗೆ ಸಿಕ್ಕ ಮುಳ್ಳುಕಂಟಿ ತೆಗೆಯಲು ಇಳಿದವನು ಜಾರಿ ನೀರಿಗೆ ಹೋದ. ಕಾಲುವೆ ಬಂದ್ ಮಾಡಿದ ಮೇಲೆ ಬಹಳ ಕೆಳಗೆ ಸಿಕ್ಕ. ಸಿಕ್ಕಾಗ ಮುಖ ನೋಡುವ ಹಾಗಿರಲಿಲ್ಲ. ನಮ್ಮಲ್ಲಿ ಮಣ್ಣು ಕೊಡುವ ಮುಂಚೆ ಹೆಂಡತಿಗೆ ಕೊನೆಯ ಸಲ ಮುಖ ತೋರಿಸುತ್ತಾರೆ. ಆಕೆ ನೋಡಿ ಹಿಂದೆ ಸರಿದ ಮೇಲೆಯೇ ಮುಂದಿನ ಕೆಲಸ. ಅವತ್ತು ಹಿರಿಯರು ಬಟ್ಟೆ ಬಿಚ್ಚಲು ಬಿಡಲಿಲ್ಲ. ಬೇಡವೆಂದವರಲ್ಲಿ ನಾನೂ ಒಬ್ಬ, ಈಗಲೂ ಬೇಡವೆಂದೇ ಹೇಳುತ್ತೇನೆ.

ಆದರೆ ತಂಗಿಗೆ ಅದು ಮುಗಿಯದ ಸಾವಾಯಿತು. ಮುಖಾ ನೋಡ್ಲಿಲ್ಲ ಅಣ್ಣಾ, ಅಂವ ಹೌದೋ ಅಲ್ಲೋ ಎನ್ನುತ್ತಿದ್ದಳು. ಹೊರಗೆ ಸೈಕಲ್ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ರೊಟ್ಟಿ ಬಡಿದು ಅವನ ಪಾಲಿನದನ್ನು ಎತ್ತಿಡುತ್ತಿದ್ದಳು. ಶ್ರದ್ಧಾಂಜಲಿಯ ಫ್ಲೆಕ್ಸು ಮಾಡಿದವನು ಇವನೇ. ಬಣ್ಣ ಬಿಳಿ ಮಾಡಿ, ಕೋಟು ಟೈ ತೊಡಿಸಿ, ವಾಲಿದ ತಲೆಯನ್ನು ನೆಟ್ಟಗೆ ಮಾಡಿದ್ದ. ತಂಗಿ ಅದನ್ನು ನೋಡಿ, ಈ ಸಾಹೇಬ ಯಾರು ಎಂದು ಕೇಳಿದಳು.

ವರ್ಷ ಕಳೆದ ಮೇಲೆ ಶಹಾಪುರದ ಸಂತೆಗೆ ಬಂದುಹೋದ ನೆರೆಯವನೊಬ್ಬ ರಂಗಂಪೇಟೆಯಲ್ಲಿ ತಂಗಿಯ ಮುಂದೆಯೇ ಸುದ್ದಿ ಬಿಚ್ಚಿದ. ಆಟದಾಗ ನಿಮ್ಮ ಯಜಮಾನ್ರು ಆಕಾಶದಿಂದ ಇಳದು ಬರ್ತಾರ, ಅವರಿಗೆ ಹೊಡೆದ್ರ ಡಬಲ್ ಪಾಯಿಂಟ್ ಎಂದು. ಆ ಹಳೆಯ ಹುಟ್ಟುಹಬ್ಬದ ಫ್ಲೆಕ್ಸಿನ ಎರಡನೆಯ ಸಾಲಿನಲ್ಲಿ ನನ್ನ ತಂಗಿಯ ಗಂಡನೂ ಇದ್ದ, ಅಷ್ಟು ಮುಖಗಳ ನಡುವೆ ನಾನು ಗುರುತಿಸಿರಲಿಲ್ಲ. ಸಾಲಿನಲ್ಲಿದ್ದವರಲ್ಲಿ ಆಮೇಲೆ ಯಾರು ಯಾರು ಸತ್ತರೆಂಬುದು ಇವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಸತ್ತವರಿಗೆ ಡಬಲ್ ಪಾಯಿಂಟ್ ಇಟ್ಟಿದ್ದ. ಗುರಿ ತಾಗಿದರೆ ಗಂಟೆಯ ಸದ್ದು. ಹುಟ್ಟಿದ್ದಕ್ಕೂ ಇವನೇ, ಸತ್ತಿದ್ದಕ್ಕೂ ಇವನೇ, ಸತ್ತ ಮೇಲೆ ಹೊಡೆಸುವುದಕ್ಕೂ ಇವನೇ.

ತಂಗಿ ಮರುದಿನದ ಬಸ್ಸಿಗೇ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಅವರನ್ನು ಅಲ್ಲಿಂದ ತೆಗೆಸಬೇಕು, ನೀನು ಜೊತೆಗೆ ಬಾ ಎಂದಷ್ಟೇ ಹೇಳಿದಳು. ಅಂಗಡಿಯಲ್ಲಿ ಸರದಿಗೆ ನಿಂತಿದ್ದವರು ಆಕೆಯ ಮುಖ ನೋಡಿ ಹೊರಗೆ ಸರಿದರು. ನಾನು ಮಾತು ಶುರು ಮಾಡಿದೆ. ಅವನು, ಸಾಲು ಪೂರ್ತಿ ಒಟ್ಟಿಗೆ ಕೂಡಿಸೀನ್ರಿ, ನಡುವ ಒಂದು ತೆಗೆದ್ರ ಹಲ್ಲು ಬಿದ್ದಂಗ ಕಾಣ್ತದ ಎಂದ. ಅಷ್ಟರಲ್ಲಿ ಗೋಡೆಯ ಟಿವಿಯಲ್ಲಿ ತಂಗಿ ತನ್ನ ಗಂಡನನ್ನು ನೋಡಿಬಿಟ್ಟಳು. ಕೋಟಿಲ್ಲ, ಟೈ ಇಲ್ಲ. ಕಪ್ಪು ಮುಖ, ಯಾರದೋ ಬಿಳಿ ಅಂಗಿಯ ಕಾಲರು, ಒಂದು ಬದಿಗೆ ವಾಲಿದ ತಲೆ.

ಆ ಚಷ್ಮಾ ನನಗೆ ಕಟ್ಟಿರಿ ಎಂದಳು. ಬೇಡವ್ವಾ, ಹೊಲಸು ಅದ ಎಂದೆ. ಆಕೆ ನನ್ನ ಕಡೆ ತಿರುಗಲೇ ಇಲ್ಲ. ಅವನು ಟವೆಲ್ಲಿನಿಂದ ಒರೆಸಿ ಆಕೆಯ ತಲೆಗೆ ಕಟ್ಟಿ, ಹಿಡಿಕೆಗಳನ್ನು ಕೈಗಿಟ್ಟ. ಅವರೊಬ್ಬರೇ ಸಾಕು, ಉಳಿದವರು ಬೇಡ ಎಂದಳು. ಹಂಗಾದ್ರ ಉಳಿದವರನ್ನೆಲ್ಲಾ ಹೊಡೀರಿ ಅಕ್ಕಾರ, ಅವರೊಬ್ಬರ ಉಳೀತಾರ ಎಂದು ಇವನು ಹೇಳಿಕೊಟ್ಟ. ಕೋಳಿ ಕೊಯ್ಯುವುದನ್ನು ನೋಡಲಾರದವಳು ಊರಿನ ಮುಖಗಳನ್ನೆಲ್ಲ ಒಂದೊಂದಾಗಿ ಹೊಡೆದಳು. ಟಿವಿಯಲ್ಲಿ ನಾನು ನೋಡುತ್ತಲೇ ಇದ್ದೆ. ಹೊಡೆದಷ್ಟೂ ಉಳಿದವರ ಓಟ ಹೆಚ್ಚುತ್ತದೆ ಎಂದು ಇವನು ಬಾಯಿ ಬಿಟ್ಟು ಹೇಳಲಿಲ್ಲ. ಕಡೆಗೆ ಗಂಡನೊಬ್ಬನೇ ಉಳಿದಾಗ ಆ ಮುಖ ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಓಡತೊಡಗಿತು. ಕಣ್ಣಿಲ್ಲ, ಮೂಗಿಲ್ಲ, ಬರೀ ಒಂದು ಕಪ್ಪು ಗೆರೆ. ನಿಲ್ಲಿಸ್ರೀ, ಮುಖಾ ಕಾಣವಲ್ತು ಎಂದು ತಂಗಿ ಕೂಗಿದಳು. ಕಡೀಕ ಉಳಿದದ್ದು ಹಂಗ ಓಡ್ತದ್ರಿ, ಅದ ಆಟ ಎಂದ ಇವನು. ಮುಖ ಆಕೆಯ ಮೇಲೆ ಬಂದು ಬಿತ್ತು, ಟಿವಿ ಕಪ್ಪಾಯಿತು.

ಸಾಕು ನಡೆ ಎಂದು ಕೈ ಹಿಡಿದೆ. ಕೈ ಬಿಡಿಸಿಕೊಂಡು, ಇನ್ನೊಮ್ಮೆ ಹಚ್ಚಿರಿ ಎಂದಳು. ಈ ಸಲ ಎರಡೂ ಹಿಡಿಕೆಗಳನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಯಾರನ್ನೂ ಹೊಡೆಯಲಿಲ್ಲ. ಹೊಡೆಯದಿದ್ದರೆ ಅವಸರವಿಲ್ಲ. ಎಲ್ಲ ಮುಖಗಳೂ ನಿಧಾನ ಎಡಕ್ಕೆ, ನಿಧಾನ ಬಲಕ್ಕೆ, ಒಂದು ಮೆಟ್ಟಿಲು ಕೆಳಗೆ. ಆಕೆಯ ತಲೆ ಒಂದೇ ಮುಖದ ಹಿಂದೆ ಆಚೆ ಈಚೆ ತಿರುಗುತ್ತಿತ್ತು. ಕೆರೆಯಷ್ಟು ದೂರದಿಂದ, ಅಂಗಳದಷ್ಟು ದೂರದಿಂದ, ಕಡೆಗೆ ಒಂದು ಗೇಣು ದೂರಕ್ಕೆ ಅವನು ಬಂದ. ತಂಗಿಯ ತುಟಿ ಅಲುಗಾಡಿತು. ಏನೆಂದಳೋ ಕೇಳಿಸಲಿಲ್ಲ. ಆಟ ಮುಗಿದ ಮೇಲೆ ತಾನೇ ಚಷ್ಮಾ ಬಿಚ್ಚಿದಳು, ಒದ್ದೆಯಾಗಿದ್ದ ಸ್ಪಂಜನ್ನು ಸೆರಗಿನಿಂದ ಒರೆಸಿ ಇವನ ಕೈಗಿಟ್ಟಳು.

"ಇನ್ನ ತೆಗೀರಿ," ಎಂದಳು.

ಮತ್ತೊಮ್ಮೆ ನೋಡಬೇಕೆನ್ನಿಸಿದರೆ ಎಂದು ಇವನು ಕೇಳಿದ.

"ಮುಖಾ ನೋಡೂದು ಒಂದ ಸಲ. ಆಮ್ಯಾಲ ಮಣ್ಣು ಕೊಡೂದ. ನಮ್ಮ ಮುಂದ ತೆಗೀರಿ."

ನಮ್ಮ ಎದುರೇ ಕಂಪ್ಯೂಟರಿಗೆ ಕೂತು ಆ ಮುಖವನ್ನು ಅಳಿಸಿದ. ಸಾಲಿನ ನಡುವೆ ಒಂದು ಕಪ್ಪು ಜಾಗ ಉಳಿಯಿತು. ನನ್ನ ಕಡೆಯಿಂದ ತಪ್ಪಾಗ್ಯಾದ ಅಕ್ಕಾರ ಎಂದು ಆ ಟವೆಲ್ಲಿನಿಂದಲೇ ಕಣ್ಣು ಒರೆಸಿಕೊಂಡ. ಕೆಟ್ಟವನಾದರೂ ಮನುಷ್ಯ ಎಂದು ಅವತ್ತೊಂದು ದಿನ ನನಗೂ ಅನ್ನಿಸಿತು.

ತಂಗಿ ಬದಲಾದಳು. ಸೈಕಲ್ ಸದ್ದಿಗೆ ಏಳುವುದನ್ನು ಬಿಟ್ಟಳು, ನಾಟಿ ಕೆಲಸಕ್ಕೆ ಹೊರಟಳು, ನಮ್ಮ ಮನೆಯ ಸೀಮಂತದಲ್ಲಿ ಹಾಡಿದಳು. ಈಗ ಹೋದ್ರು ನೋಡು ಅಣ್ಣಾ ಅವರು, ಆ ಮನಿಷ್ಯಾನಿಂದ ಅವರಿಗೆ ಬಿಡುಗಡಿ ಆತು ಎನ್ನುತ್ತಿದ್ದಳು. ಯಾರಾದರೂ ಶಹಾಪುರಕ್ಕೆ ಹೊರಟರೆ ಇವನಿಗೆಂದು ಶೇಂಗಾ ಚಟ್ನಿ ಕೊಟ್ಟು ಕಳಿಸುತ್ತಿದ್ದಳು. ಅವನು ಬೆರಳು ಚೀಪಿ ತಿನ್ನುತ್ತಿದ್ದ.

ಮಳೆಗಾಲ ಕಳೆದಿತ್ತು. ಒಂದು ಸಂಜೆ ಆ ಅಂಗಡಿಯ ಮುಂದೆ ಹೋಗುವಾಗ ಗಂಟೆಯ ಸದ್ದು ಕೇಳಿಸಿತು, ಆಮೇಲೆ ಗಂಡಸರ ಕೇಕೆ. ಒಳಗೆ ಇಣುಕಿದೆ. ಸಾಲು ಪೂರ್ತಿಯಾಗಿತ್ತು. ವಾಲಿದ ತಲೆ ಸಾಲಿಗೆ ಮರಳಿತ್ತು, ಯಾರೋ ಅದನ್ನು ಹೊಡೆದು ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಅವತ್ತು ನಮ್ಮ ಮುಂದೆ ಅಳಿಸಿದ್ದು ಒಂದು ಪ್ರತಿ. ಇನ್ನೊಂದು ಇಟ್ಟುಕೊಂಡಿದ್ದ. ತಂಗಿಯ ಬಸ್ಸು ಸುರಪುರ ಮುಟ್ಟುವುದರೊಳಗೆ ಮತ್ತೆ ಕೂಡಿಸಿದ್ದನೋ ಏನೋ, ಯಾರಿಗೆ ಗೊತ್ತು.

ಒಳಗೆ ನುಗ್ಗಿ ಅವನ ಕೊರಳಪಟ್ಟಿ ಹಿಡಿದೆ. ಜೀವಮಾನದಲ್ಲಿ ಹುಡುಗರಿಗೂ ಕೈ ಎತ್ತಿದವನಲ್ಲ ನಾನು. ಅವನು ಬಿಡಿಸಿಕೊಳ್ಳಲಿಲ್ಲ, ಸಿಟ್ಟಾಗಲಿಲ್ಲ. ಜನ ಡಬಲ್ ಪಾಯಿಂಟ್ ಎಲ್ಲೈತಿ ಅಂತ ಕೇಳ್ತಾರ್ರಿ, ದಂಧಾ ನಡೀಬೇಕಲ್ಲ ಎಂದ. ಪೊಲೀಸರಿಗೆ ಹೇಳುತ್ತೇನೆ, ಊರಿಗೆಲ್ಲ ಹೇಳುತ್ತೇನೆ ಎಂದೆ. ಆಗ ಕಿವಿಯ ಹತ್ತಿರ ಬಂದ. ಗುಟ್ಕಾದ ವಾಸನೆ ಮುಖಕ್ಕೆ ಹೊಡೆಯಿತು.

"ಹೇಳ್ರಿ ಮಾಸ್ತರ್ರ. ನಿಮ್ಮ ತಂಗಿ ಈಗ ಆರಾಮ ಅದಾಳ. ನೀವು ಬಾಯಿ ತೆಗೆದ್ರ ಆಕಿಗೂ ಮುಟ್ಟತದ."

ಕೈ ಬಿಟ್ಟೆ. ಹಾವು ಕಂಡಿದ್ದೇನೆ, ಚೇಳು ಕಂಡಿದ್ದೇನೆ, ಇಷ್ಟು ಅಸಹ್ಯ ಯಾವುದರ ಮೇಲೂ ಬಂದಿರಲಿಲ್ಲ. ನನ್ನ ತಂಗಿಯ ಸಮಾಧಾನವನ್ನೂ ಕತ್ತರಿಸಿ ತನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದ ಅವನು. ಆಮೇಲೆ ಚಷ್ಮಾ ಕೆಟ್ಟು ಮೂಲೆ ಸೇರುವವರೆಗೂ ಆ ಗಂಟೆ ಹೊಡೆಯುತ್ತಲೇ ಇತ್ತು. ನಾನು ಮಾರ್ಕೆಟ್ಟಿಗೆ ಸುತ್ತಿನ ದಾರಿಯಲ್ಲಿ ಹೋಗುತ್ತಿದ್ದೆ. ರಂಗಂಪೇಟೆಗೆ ಸುದ್ದಿ ಮುಟ್ಟದಂತೆ ಆ ನೆರೆಯವನನ್ನು ಕಂಡು ಕೈ ಮುಗಿದು ಬಂದೆ. ತಂಗಿಗೆ ಓದಲು ಬಾರದು, ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಮೊನ್ನೆ ಕುರ್ಚಿಯಲ್ಲಿ ಕೂತಲ್ಲೇ ಎದೆ ಹಿಡಿದು ಸತ್ತ. ನಾನು ಹೋಗುವವನಿರಲಿಲ್ಲ. ತಂಗಿ ಹೂವಿನ ಹಾರ ಹಿಡಿದು ಬಸ್ಸಿಳಿದು ನೇರ ನನ್ನ ಮನೆಗೆ ಬಂದಳು. ಕಣ್ಣು ಕೆಂಪಾಗಿದ್ದವು. ನನ್ನನ್ನೂ ಹೊರಡಿಸಿಕೊಂಡು ದಾರಿಯುದ್ದಕ್ಕೂ ಅವನ ಗುಣವನ್ನೇ ಕೊಂಡಾಡಿದಳು. ಅವನ ಮನೆಯಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಆಕೆ ಒಳಗೆ ಹೋಗಿ ಹಾರ ಹಾಕಿ, ಬಹಳ ಹೊತ್ತು ಆ ಮುಖ ನೋಡಿ ಹೊರಗೆ ಬಂದಳು. ನಾನು ಅಂಗಳದಲ್ಲೇ ನಿಂತಿದ್ದೆ.

"ನಮ್ಮವರಿಗೆ ದಾರಿ ಬಿಟ್ಟುಕೊಟ್ಟ ಮನಿಷ್ಯಾ. ಹೋಗು ಅಣ್ಣಾ, ಮುಖಾ ನೋಡಿ ಕಾಲು ಮುಟ್ಟಿ ಬಾ," ಎಂದಳು.

ಒಳಗೆ ಹೋದೆ. ಯಾರೋ ಅವನ ಹಲ್ಲು ಉಜ್ಜಿ ತೊಳೆದಿದ್ದರು, ಕೆಂಪು ಹೋಗಿರಲಿಲ್ಲ. ಹಿಂತಿರುಗಿ ನೋಡಿದೆ. ತಂಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಗ್ಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.